ಟ್ರ್ಯಾಪ್ ಆದ ಮೇಲೆ: ಲಂಚದ ದೂರು ಕೊಟ್ಟವಳ ಅನುಭವ

ಲೋಕಾಯುಕ್ತ ಟ್ರ್ಯಾಪ್ (ಲಂಚ ತೆಗೆದುಕೊಳ್ಳುವಾಗಲೇ ಹಿಡಿಯುವ ಕಾರ್ಯಾಚರಣೆ) ಪ್ರಕರಣವೊಂದರಲ್ಲಿ ಪಿರ್ಯಾದುದಾರಳಾಗಿ ನನ್ನ ಸಾಕ್ಷ್ಯ ಕಳೆದ ತಿಂಗಳು ಮುಗಿಯಿತು. ದೂರು ಕೊಟ್ಟಿದ್ದು 2023ರಲ್ಲಿ. ಈ ನಡುವೆ ‘ನಮಗೂ ಹೀಗೆಯೇ ಕೇಳುತ್ತಿದ್ದಾರೆ, ಏನು ಮಾಡುವುದು’ ಎಂದು ಫೋನ್ ಮಾಡಿದವರಿಗೆಲ್ಲ ನಾನು ಹೇಳುತ್ತಾ ಬಂದಿರುವುದು ಒಂದೇ ಮಾತು. ಟ್ರ್ಯಾಪ್ ಒಂದು ದಿನದಲ್ಲಿ ಮುಗಿಯುತ್ತದೆ, ಪತ್ರಿಕೆಯಲ್ಲಿ ಬರುವುದೂ ಆ ದಿನದ ಸುದ್ದಿಯೇ. ಪ್ರಕರಣ ನಿಲ್ಲುವುದೋ ಬೀಳುವುದೋ ನಿರ್ಧಾರವಾಗುವುದು ಅದಾದ ನಂತರದ ವರ್ಷಗಳಲ್ಲಿ. ಆ ವರ್ಷಗಳು ಹೇಗಿರುತ್ತವೆ ಎಂದು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಬಹುದಿತ್ತು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ತಂದೆ 2022ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿದ್ದ 2 ಎಕರೆ 14 ಗುಂಟೆ ಖುಷ್ಕಿ ಜಮೀನಿಗೆ ತಾಯಿ, ನಾನು, ತಂಗಿ ಮೂವರ ಹೆಸರಿನಲ್ಲಿ ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಬೇಕಿತ್ತು. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಆಧಾರ್ ಪ್ರತಿಗಳನ್ನೆಲ್ಲ ಸೇರಿಸಿ ಅರ್ಜಿ ಕೊಟ್ಟೆವು. ಸಕಾಲದ ಸ್ವೀಕೃತಿ ರಸೀದಿಯೂ ಸಿಕ್ಕಿತು. ಖಾತೆ ಬದಲಾಗದೆ ಸೊಸೈಟಿಯಲ್ಲಿ ಬೆಳೆ ಸಾಲ ನವೀಕರಣವಾಗುತ್ತಿರಲಿಲ್ಲ, ಬೆಳೆ ವಿಮೆಯೂ ಇಲ್ಲ. ಸಕಾಲದ ಗಡುವು ಕಳೆದರೂ ಕಡತ ಕದಲಲಿಲ್ಲ. ಕೊನೆಗೆ ಅದನ್ನು ನೋಡಿಕೊಳ್ಳುತ್ತಿದ್ದ ಕಂದಾಯ ಸಿಬ್ಬಂದಿ ತಾಯಿಯನ್ನು ಪಕ್ಕಕ್ಕೆ ಕರೆದು, ‘ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರೂ ಬರಬೇಕೆಂದರೆ ಮೇಲಿನವರಿಗೂ ಕೊಡಬೇಕಾಗುತ್ತದೆ, ಹದಿನೈದು ಆಗುತ್ತದೆ’ ಎಂದರಂತೆ. ತಂದೆಯ ಸ್ವಂತ ಆಸ್ತಿಗೆ ಹೆಂಡತಿಯೂ ಹೆಣ್ಣುಮಕ್ಕಳೂ ಸಮಾನ ವಾರಸುದಾರರೆಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳುತ್ತದೆ. ನಮ್ಮ ಹಕ್ಕನ್ನೇ ನಮಗೆ ಬೆಲೆ ಕಟ್ಟಿ ಮಾರುತ್ತಿದ್ದಾರೆ ಎಂಬ ಸಿಟ್ಟು ನನ್ನನ್ನು ಕೂರಗೊಡಲಿಲ್ಲ. ಮುಂದಿನ ವಾರ ನಾನೇ ಹೋಗಿ ಮಾತನಾಡಿದಾಗ ಮೊತ್ತ ಹತ್ತು ಸಾವಿರಕ್ಕೆ ಇಳಿಯಿತು.

ಎಲ್ಲಿಗೆ ಹೋಗಬೇಕೆಂಬುದೇ ಮೊದಲ ಗೊಂದಲ. ನಮ್ಮ ಊರಿನಲ್ಲಿ ಒಬ್ಬರು ಎಸಿಬಿ ಎಂದರು, ಇನ್ನೊಬ್ಬರು ಜಿಲ್ಲಾಧಿಕಾರಿ ಎಂದರು. 2016ರಲ್ಲಿ ಸರ್ಕಾರ ಆದೇಶ ಹೊರಡಿಸಿ ರಚಿಸಿದ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ಹೈಕೋರ್ಟ್ 2022ರ ಆಗಸ್ಟ್ 11ರಂದು ರದ್ದುಗೊಳಿಸಿತು. ಲಂಚದ ಪ್ರಕರಣ ದಾಖಲಿಸುವ ಅಧಿಕಾರ ಲೋಕಾಯುಕ್ತ ಪೊಲೀಸರಿಗೆ ಮರಳಿತು. ಆದ್ದರಿಂದ ಲಂಚ ಕೇಳಿದರೆ ಹೋಗಬೇಕಾದದ್ದು ನಿಮ್ಮ ಜಿಲ್ಲೆಯ ಲೋಕಾಯುಕ್ತ ಪೊಲೀಸ್ ಠಾಣೆಗೆ. ಲೋಕಾಯುಕ್ತಕ್ಕೆ ಇನ್ನೊಂದು ಬಾಗಿಲೂ ಇದೆ. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯಡಿ ನಿಗದಿತ ನಮೂನೆಯಲ್ಲಿ, ಪ್ರಮಾಣಪತ್ರದೊಂದಿಗೆ ಕೊಡುವ ದೂರುಗಳನ್ನು ಅಲ್ಲಿನ ವಿಚಾರಣಾ ವಿಭಾಗ ನೋಡುತ್ತದೆ. ಕೆಲಸ ವಿಳಂಬ, ಕರ್ತವ್ಯಲೋಪ, ದುರಾಡಳಿತಕ್ಕೆ ಆ ದಾರಿ. ಈಗಷ್ಟೇ ಹಣ ಕೇಳುತ್ತಿದ್ದಾರೆ, ಇನ್ನೂ ಕೊಟ್ಟಿಲ್ಲ ಎಂದಾದರೆ ನಮೂನೆ ಹುಡುಕುತ್ತಾ ಕೂರದೆ ನೇರವಾಗಿ ಪೊಲೀಸ್ ವಿಭಾಗಕ್ಕೆ ಹೋಗಿ.

ಬಹಳ ಮಂದಿಯನ್ನು ತಡೆಯುವುದು ‘ಕೊಟ್ಟವರೂ ಜೈಲಿಗೆ ಹೋಗುತ್ತಾರಂತೆ’ ಎಂಬ ಭಯ. ಭ್ರಷ್ಟಾಚಾರ ತಡೆ ಕಾಯ್ದೆಗೆ ಆದ 2018ರ ತಿದ್ದುಪಡಿಯ ಬಳಿಕ ಲಂಚ ಕೊಡುವುದೂ ಅಪರಾಧ ಎಂಬುದು ನಿಜ. ಆದರೆ ಹಾಗೆ ಹೇಳುವ ಅದೇ 8ನೇ ಕಲಂನಲ್ಲಿ ಎರಡು ರಕ್ಷಣೆಗಳಿವೆ. ಒತ್ತಾಯಕ್ಕೆ ಸಿಕ್ಕಿ ಕೊಟ್ಟವರು 7 ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರಿಗೆ ಆ ಕಲಂ ಅನ್ವಯಿಸುವುದಿಲ್ಲ. ಮೊದಲೇ ಪೊಲೀಸರಿಗೆ ತಿಳಿಸಿ, ಅವರಿಗೆ ನೆರವಾಗಲು ಹಣ ಕೊಟ್ಟವರಿಗೂ ಅನ್ವಯಿಸುವುದಿಲ್ಲ. ನನ್ನ ತಂಗಿಯ ಗಂಡ ಈ ಎರಡು ವಾಕ್ಯಗಳನ್ನು ಓದಿದ ಮೇಲೆಯೇ ನನ್ನ ಜೊತೆ ಬರಲು ಒಪ್ಪಿದ್ದು.

ಠಾಣೆಯಲ್ಲಿ ಅಧಿಕಾರಿ ನನ್ನ ಮಾತು ಪೂರ್ತಿ ಕೇಳಿ, ದೂರು ಬರೆಸಿಕೊಳ್ಳುವ ಮೊದಲು ಕೈಗೆ ಒಂದು ಪುಟ್ಟ ಧ್ವನಿಮುದ್ರಣ ಯಂತ್ರ ಕೊಟ್ಟರು. ಬೇಡಿಕೆ ನಿಜವೇ ಎಂದು ಖಚಿತಪಡಿಸಿಕೊಳ್ಳದೆ ಅವರು ಮುಂದೆ ಹೋಗುವುದಿಲ್ಲ. ‘ನೀವು ಹಣದ ಮಾತು ತೆಗೆಯಬೇಡಿ. ಖಾತೆ ಏನಾಯಿತು ಎಂದಷ್ಟೇ ಕೇಳಿ. ಅವರ ಬಾಯಿಂದಲೇ ಬರಲಿ’ ಎಂದರು. ಈ ಸೂಚನೆಯ ಬೆಲೆ ನನಗೆ ಗೊತ್ತಾದದ್ದು ಕೋರ್ಟಿನಲ್ಲಿ. ಮೊಬೈಲ್‌ನಲ್ಲಿ ನೀವೇ ಮುದ್ರಿಸಿಕೊಂಡಿದ್ದರೆ ಅದನ್ನು ಕತ್ತರಿಸಬೇಡಿ, ಹೆಸರು ಬದಲಿಸಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಮೂಲವನ್ನು ಅಳಿಸಬೇಡಿ. ಆ ಫೋನನ್ನು ಸಾಕ್ಷ್ಯವಾಗಿ ಒಪ್ಪಿಸಬೇಕಾಗಿ ಬರಬಹುದು. ಹಾಗಾಗಿ ಬೇಕಾದ ಫೋಟೊ, ಸಂಪರ್ಕ ಸಂಖ್ಯೆಗಳನ್ನು ಮೊದಲೇ ಬೇರೆಡೆ ಇಟ್ಟುಕೊಳ್ಳಿ.

ದೂರು ಕೊಟ್ಟ ದಿನವೇ ಎಫ್‌ಐಆರ್ ಆಯಿತು. ಹಣ ನಮ್ಮದೇ ತರಬೇಕು ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ನಾನು ತಂದದ್ದು 500ರ 20 ನೋಟುಗಳು. ಬೇರೆ ಇಲಾಖೆಗಳಿಂದ ಇಬ್ಬರು ಸರ್ಕಾರಿ ನೌಕರರನ್ನು ಪಂಚರಾಗಿ, ಅಂದರೆ ಸಾಕ್ಷಿಗಳಾಗಿ ಕರೆಸಿದ್ದರು, ಅವರಲ್ಲಿ ಒಬ್ಬರು ಮಹಿಳೆ. ಪ್ರತಿ ನೋಟಿನ ಸಂಖ್ಯೆಯನ್ನು ಒಬ್ಬರು ಓದಿದರು, ಇನ್ನೊಬ್ಬರು ಬರೆದುಕೊಂಡರು. ಸಿಬ್ಬಂದಿಯೊಬ್ಬರು ನೋಟುಗಳಿಗೆ ಫಿನಾಲ್ಫ್‌ಥಲೀನ್ ಪುಡಿ ಸವರಿದರು. ಬಿಳಿಯ ಪುಡಿ, ಸವರಿದ ಮೇಲೆ ಕಣ್ಣಿಗೆ ಕಾಣುವುದೇ ಇಲ್ಲ. ಆಮೇಲೆ ಗಾಜಿನ ಲೋಟದಲ್ಲಿ ಸೋಡಿಯಂ ಕಾರ್ಬೊನೇಟ್ ದ್ರಾವಣ ಮಾಡಿ, ಪುಡಿ ಮುಟ್ಟಿದ ಬೆರಳುಗಳನ್ನು ಅದರಲ್ಲಿ ಅದ್ದಿಸಿ ತೋರಿಸಿದರು. ನೀರಿನಂತಿದ್ದ ದ್ರಾವಣ ಕ್ಷಣದಲ್ಲಿ ಗುಲಾಬಿಯಾಯಿತು. ಪುಡಿ ಸವರಿದ ಆ ಸಿಬ್ಬಂದಿಯನ್ನು ನಮ್ಮ ಜೊತೆ ಕಳಿಸಲಿಲ್ಲ. ಅವರ ಕೈಯಿಂದ ಪುಡಿ ಬೇರೆಲ್ಲಿಗೋ ತಗುಲಿತು ಎಂಬ ವಾದಕ್ಕೆ ಅವಕಾಶ ಇರಬಾರದಲ್ಲ. ನೋಟುಗಳನ್ನು ಮಹಿಳಾ ಪಂಚರು ನನ್ನ ವ್ಯಾನಿಟಿ ಬ್ಯಾಗಿನ ಖಾಲಿ ಮಾಡಿದ ಮುಂಭಾಗದ ಜೇಬಿನಲ್ಲಿ ಇಟ್ಟರು. ಕೇಳಿದರೆ ಮಾತ್ರ ಕೊಡಬೇಕು, ಅದಕ್ಕೂ ಮೊದಲು ನೋಟು ಮುಟ್ಟಬಾರದು, ಕೊಟ್ಟ ಮೇಲೆ ಹೊರಬಂದು ಸೆರಗಿನಿಂದ ಮುಖ ಒರೆಸಿಕೊಂಡು ಸೂಚನೆ ಕೊಡಬೇಕು. ಇದೆಲ್ಲವೂ ಪ್ರಾಯೋಗಿಕ ಪಂಚನಾಮೆಯಲ್ಲಿ ದಾಖಲಾಯಿತು. ಬೆಳಿಗ್ಗೆಯಿಂದ ಊಟವಿಲ್ಲದೆ ಕುಳಿತಿರಬೇಕಾಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಔಷಧಿ, ತಿಂಡಿ ಜೊತೆಗೆ ಒಯ್ಯಿರಿ.

ಕಚೇರಿಗೆ ನನ್ನ ಜೊತೆ ಮಹಿಳಾ ಪಂಚರು ದೊಡ್ಡಮ್ಮನ ಮಗಳಂತೆ ಬಂದರು. ಅವರನ್ನು ನೆರಳು ಸಾಕ್ಷಿ ಎನ್ನುತ್ತಾರೆ. ಮಾತನ್ನು ಕೇಳಿಸಿಕೊಳ್ಳುವುದು, ಕೊಡುವುದನ್ನು ನೋಡುವುದು ಅವರ ಕೆಲಸ. ‘ತಂದಿದ್ದೀರಾ?’ ಎಂದು ಆ ವ್ಯಕ್ತಿ ಕೇಳಿದರು. ನಾನು ‘ಏನನ್ನು ಸಾರ್?’ ಎಂದೆ. ‘ಹೇಳಿದ್ದೆನಲ್ಲ, ಹತ್ತು’ ಎಂದರು. ಕೊಟ್ಟೆ. ಬಲಗೈಯಲ್ಲಿ ತೆಗೆದುಕೊಂಡು, ಎರಡೂ ಕೈಯಲ್ಲಿ ಎಣಿಸಿ, ಮೇಜಿನ ಡ್ರಾಯರ್‌ನಲ್ಲಿದ್ದ ಪುಸ್ತಕದ ನಡುವೆ ಇಟ್ಟರು. ಹೊರಬಂದು ಮುಖ ಒರೆಸಿಕೊಂಡೆ. ನನ್ನ ಕೈ ನಡುಗುತ್ತಿತ್ತು. ಮುಂದಿನದೆಲ್ಲ ಬೇಗ ಬೇಗ ಆಯಿತು. ಎರಡೂ ಕೈಗಳನ್ನು ಬೇರೆ ಬೇರೆ ಲೋಟದಲ್ಲಿ ತೊಳೆಸಿದರು, ಎರಡೂ ಗುಲಾಬಿಯಾದವು. ಅವನ್ನು ಬಾಟಲಿಗೆ ತುಂಬಿ, ಅರಗು ಹಾಕಿ, ಸೀಲ್ ಒತ್ತಿ, ಎಲ್ಲರ ಸಹಿ ಪಡೆದರು. ನೋಟಿನ ಸಂಖ್ಯೆಗಳನ್ನು ತಾಳೆ ನೋಡಿದರು. ಟ್ರ್ಯಾಪ್ ಪಂಚನಾಮೆ ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು. ಪಂಚನಾಮೆಯನ್ನು ಪೂರ್ತಿ ಓದಿಸಿ ಕೇಳದೆ ಸಹಿ ಹಾಕಬೇಡಿ. ಆಡಿದ ಮಾತು ಆಡಿದ ಹಾಗೆಯೇ ಅದರಲ್ಲಿ ಬಂದಿದೆಯೇ ನೋಡಿ. ಬರೆದಿದ್ದರಲ್ಲಿ ‘ಹಣ ಕೇಳಿದರು’ ಎಂದಷ್ಟೇ ಇತ್ತು. ‘ಹೇಳಿದ್ದೆನಲ್ಲ, ಹತ್ತು’ ಎಂಬ ಮಾತನ್ನೇ ಸೇರಿಸಿ ಎಂದು ಕೇಳಿದೆ, ಸೇರಿಸಿದರು.

ಮನೆಗೆ ಬಂದಾಗ ತಾಯಿ ಕೇಳಿದ ಮೊದಲ ಪ್ರಶ್ನೆ, ‘ಹಾಗಾದರೆ ಖಾತೆ?’ ಎಂದು. ಆ ಪ್ರಶ್ನೆಗೆ ಉತ್ತರ ಯಾರ ಬಳಿಯೂ ಇರಲಿಲ್ಲ. ನಮ್ಮ ಮೂಲ ಕಡತವನ್ನೇ ಸಾಕ್ಷ್ಯವಾಗಿ ಜಪ್ತಿ ಮಾಡಿದ್ದರು. ಕಚೇರಿಯಲ್ಲಿ ಕೇಳಿದರೆ ‘ಕಡತ ಲೋಕಾಯುಕ್ತದಲ್ಲಿದೆ, ನಾವೇನು ಮಾಡುವುದು’ ಎನ್ನುತ್ತಿದ್ದರು. ಅಲ್ಲಿ ಯಾರೂ ಮುಖ ಕೊಟ್ಟು ಮಾತನಾಡುತ್ತಿರಲಿಲ್ಲ. ಆ ವರ್ಷ ಬಿತ್ತನೆಗೆ ಸಾಲ ಸಿಗಲಿಲ್ಲ, ತಂಗಿಯ ಬಳೆ ಅಡವಿಟ್ಟೆವು. ನಿಮ್ಮ ಕಡತಕ್ಕೂ ಹೀಗಾದರೆ ಕಾಯುತ್ತಾ ಕೂರಬೇಡಿ. ತನಿಖಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಜಪ್ತಿಯಾದ ದಾಖಲೆಗಳ ದೃಢೀಕೃತ ಪ್ರತಿ ಕೇಳಿ. ಆ ಪ್ರತಿಗಳ ಆಧಾರದಲ್ಲಿ ಕೆಲಸ ಮುಂದುವರಿಸುವಂತೆ ಕಚೇರಿಯ ಮುಖ್ಯಸ್ಥರಿಗೆ ಇನ್ನೊಂದು ಅರ್ಜಿ ಕೊಡಿ. ಎರಡಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದಾಗ ನಾನು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಆ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಟಿಪ್ಪಣಿ ಹಾಳೆಗಳ ನಕಲು ಕೇಳಿದೆ. ಮಾಹಿತಿ ಕೊಡಬೇಕಾದ 30 ದಿನ ಮುಗಿಯುವ ಮೊದಲೇ ಕಡತ ಓಡತೊಡಗಿತು. ಹೊಸದಾಗಿ ಬಂದ ಸಿಬ್ಬಂದಿ ನಮ್ಮ ಮನೆಗೇ ಬಂದು ಮಹಜರು ಮಾಡಿದರು. ಮೂವರ ಹೆಸರಿನ ಪಹಣಿ ಕೈಗೆ ಬಂದ ದಿನ ತಾಯಿ ಅದನ್ನು ದೇವರ ಮುಂದಿಟ್ಟು, ಆಮೇಲೆ ಸೊಸೈಟಿಗೆ ಹೊರಟರು.

ಒತ್ತಡ ಶುರುವಾದದ್ದು ಆರೋಪಿಗೆ ಜಾಮೀನು ಸಿಕ್ಕ ಮೇಲೆ. ಮೊದಲು ದೂರದ ನೆಂಟರ ಮೂಲಕ ಹೇಳಿಸಿದರು. ಆಮೇಲೆ ಊರಿನ ಮುಖಂಡರೊಬ್ಬರು ಬಂದು ‘ರಾಜಿ ಮಾಡಿಕೊಳ್ಳಿ, ನಿಮ್ಮ ಖರ್ಚೆಲ್ಲ ಕೊಡಿಸುತ್ತೇನೆ’ ಎಂದರು. ಒಂದು ಸಂಜೆ ಆ ವ್ಯಕ್ತಿಯ ಹೆಂಡತಿ ಸಣ್ಣ ಮಗುವಿನೊಂದಿಗೆ ಬಂದು ನನ್ನ ತಾಯಿಯ ಮುಂದೆ ಅತ್ತರು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಆಕೆಯ ಬಗ್ಗೆ ನನಗೆ ಈಗಲೂ ಮರುಕವಿದೆ. ಆದರೆ ನಮ್ಮ ತಾಯಿಯಂಥ ಎಷ್ಟು ವಿಧವೆಯರು ಆ ಮೇಜಿನ ಮುಂದೆ ನಿಂತು ಬಳೆ ಅಡವಿಟ್ಟ ಹಣ ಎಣಿಸಿದ್ದಾರೋ, ಅವರ ಮನೆಗೆ ಹೋಗಿ ಅತ್ತವರು ಯಾರೂ ಇಲ್ಲ.

ಇಂಥ ಪ್ರಕರಣಗಳಲ್ಲಿ ಕಾನೂನಿನ ಪ್ರಕಾರ ರಾಜಿ ಎಂಬುದೇ ಇಲ್ಲ. ದೂರು ವಾಪಸ್ ಪಡೆಯಲೂ ಆಗುವುದಿಲ್ಲ. ‘ರಾಜಿ’ ಎಂದು ಅವರು ಕೇಳುತ್ತಿರುವುದು ನೀವು ಕೋರ್ಟಿನಲ್ಲಿ ‘ನನಗೆ ನೆನಪಿಲ್ಲ, ಪೊಲೀಸರು ಬರೆಸಿಕೊಂಡರು’ ಎನ್ನಬೇಕೆಂದು. ಹಾಗೆ ಹೇಳಿದ ಸಾಕ್ಷಿಯನ್ನು ಪ್ರತಿಕೂಲ ಸಾಕ್ಷಿ ಎಂದು ಘೋಷಿಸುತ್ತಾರೆ. ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ಕೊಟ್ಟ ಹೇಳಿಕೆ ಇದ್ದರೆ ಸುಳ್ಳು ಸಾಕ್ಷ್ಯದ ಆರೋಪ ನಿಮ್ಮ ಮೇಲೆಯೇ ಬರಬಹುದು. ನನ್ನ ಹೇಳಿಕೆಯನ್ನು ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 164ನೇ ಕಲಂನಡಿ ದಾಖಲಿಸಿದ್ದರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 183ನೇ ಕಲಂ. ಬೆದರಿಕೆ ಬಂದರೆ ತನಿಖಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಿ. 2018ರಲ್ಲಿ ಸುಪ್ರೀಂ ಕೋರ್ಟ್ ಅಂಗೀಕರಿಸಿದ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಜಿಲ್ಲಾ ಮಟ್ಟದಲ್ಲೇ ರಕ್ಷಣೆ ಕೇಳಿ ಅರ್ಜಿ ಸಲ್ಲಿಸಬಹುದು. ನನಗೆ ಅದರ ಅಗತ್ಯ ಬೀಳಲಿಲ್ಲ. ಯಾರು, ಯಾವಾಗ ಬಂದರು, ಏನೆಂದರು ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೆ. ಮುಖಂಡರಿಗೆ ಆ ಪುಸ್ತಕ ತೋರಿಸಿದ ಮೇಲೆ ಅವರು ಮತ್ತೆ ಬರಲಿಲ್ಲ.

ತನಿಖೆ ಮುಗಿದರೂ ದೋಷಾರೋಪ ಪಟ್ಟಿ ತಕ್ಷಣ ಸಲ್ಲಿಕೆಯಾಗುವುದಿಲ್ಲ. ಬಾಟಲಿಗಳ ರಾಸಾಯನಿಕ ವರದಿ, ಧ್ವನಿ ಹೋಲಿಕೆಯ ವರದಿ ಪ್ರಯೋಗಾಲಯದಿಂದ ಬರಬೇಕು. ಅದಕ್ಕಾಗಿ ನನ್ನ ಧ್ವನಿ ಮಾದರಿಯನ್ನೂ ತೆಗೆದುಕೊಂಡರು. ಅದರ ನಂತರ ಅಭಿಯೋಜನಾ ಮಂಜೂರಾತಿ. ನೌಕರನನ್ನು ವಜಾಗೊಳಿಸುವ ಅಧಿಕಾರ ಇರುವವರು ‘ವಿಚಾರಣೆ ನಡೆಸಬಹುದು’ ಎಂದು ಆದೇಶ ಕೊಡದೆ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳುವಂತಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಕಲಂ ಇದಕ್ಕೆ 3 ತಿಂಗಳು, ಕಾನೂನು ಸಲಹೆ ಬೇಕಿದ್ದರೆ ಇನ್ನೊಂದು ತಿಂಗಳು ಎನ್ನುತ್ತದೆ. ನಮ್ಮ ಪ್ರಕರಣದಲ್ಲಿ ಆ ಗಡುವು ದಾಟಿಯೇ ಆದೇಶ ಬಂತು. ಈ ಅವಧಿಯಲ್ಲಿ ಯಾರಿಂದಲೂ ಫೋನ್ ಬರುವುದಿಲ್ಲ. ಪ್ರಕರಣವನ್ನು ಮುಚ್ಚಿಹಾಕಿದರು ಎಂದೇ ಅನ್ನಿಸುತ್ತದೆ. ಅಮಾನತಿನಲ್ಲಿದ್ದವರು ಬೇರೆ ಕಡೆ ಮರಳಿ ಕೆಲಸಕ್ಕೆ ಹಾಜರಾದ ಸುದ್ದಿ ಕೇಳಿ ನಾನು ಕುಸಿದುಹೋಗಿದ್ದೆ. ಅಮಾನತು ತೆರವಾದರೆ ಖುಲಾಸೆ ಆದಂತಲ್ಲ ಎಂದು ತನಿಖಾಧಿಕಾರಿ ತಾಳ್ಮೆಯಿಂದ ವಿವರಿಸಿದರು. ನೀವೂ ನಡುನಡುವೆ ಹೋಗಿ ಕೇಳಿ, ಕೇಳುವುದು ನಿಮ್ಮ ಹಕ್ಕು.

ಇನ್ನೊಂದು ಅನಿರೀಕ್ಷಿತ ಸಂಗತಿ, ಸಾಕ್ಷ್ಯವನ್ನು ಎರಡು ಕಡೆ ಹೇಳಬೇಕಾದದ್ದು. ಬೆಂಗಳೂರಿನ ಡಾ. ಅಂಬೇಡ್ಕರ್ ವೀಧಿಯ ಬಹುಮಹಡಿ ಕಟ್ಟಡದಿಂದ ನನಗೆ ಸಮನ್ಸ್ ಬಂದಾಗ ಕೋರ್ಟೇ ಅಲ್ಲಿಗೆ ಹೋಯಿತೇ ಎಂದು ಗಾಬರಿಯಾಯಿತು. ಅದು ಇಲಾಖಾ ವಿಚಾರಣೆ. 1957ರ ನಾಗರಿಕ ಸೇವಾ ನಿಯಮಗಳ 14-ಎ ನಿಯಮದಡಿ ಸರ್ಕಾರ ಅದನ್ನು ಲೋಕಾಯುಕ್ತ ಸಂಸ್ಥೆಗೇ ವಹಿಸಬಹುದು. ಕೋರ್ಟಿನಲ್ಲಿ ಶಿಕ್ಷೆಯ ಪ್ರಶ್ನೆ, ಇಲ್ಲಿ ನೌಕರಿಯ ಪ್ರಶ್ನೆ. ಒಂದರಲ್ಲಿ ಹೇಳಿದ್ದಕ್ಕೂ ಇನ್ನೊಂದರಲ್ಲಿ ಹೇಳಿದ್ದಕ್ಕೂ ವ್ಯತ್ಯಾಸವಿದ್ದರೆ ಪ್ರತಿವಾದಿ ವಕೀಲರು ಅದನ್ನೇ ಹಿಡಿಯುತ್ತಾರೆ. ಹಾಗಾಗಿ ಇಲ್ಲಿ ಕೊಟ್ಟ ಸಾಕ್ಷ್ಯದ ನಕಲನ್ನು ಅರ್ಜಿ ಹಾಕಿ ಪಡೆದುಕೊಳ್ಳಿ.

ಇನ್ನು ವಿಶೇಷ ನ್ಯಾಯಾಲಯ. ನೀವು ವಕೀಲರನ್ನು ನೇಮಿಸಬೇಕಿಲ್ಲ, ಪ್ರಕರಣ ನಡೆಸುವವರು ಲೋಕಾಯುಕ್ತದ ವಿಶೇಷ ಸರ್ಕಾರಿ ಅಭಿಯೋಜಕರು. ಮೊದಲ ಸಮನ್ಸ್‌ಗೆ ಹೋದಾಗ ವಕೀಲರ ಗೈರಿನಿಂದ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಕೆಲಸದಿಂದ ರಜೆ, ಬಸ್ ಚಾರ್ಜು, ಇಡೀ ದಿನ ಕಾರಿಡಾರಿನ ಬೆಂಚು. ಆರೋಪಿಯೂ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಿರುತ್ತಿದ್ದರು. ಒಬ್ಬರೇ ಹೋಗಬೇಡಿ, ನನ್ನ ಜೊತೆ ತಂಗಿ ಬರುತ್ತಿದ್ದಳು. ಸಾಕ್ಷ್ಯದ ಹಿಂದಿನ ದಿನ ಅಭಿಯೋಜಕರ ಕಚೇರಿಗೆ ಹೋಗಿ ನಿಮ್ಮ ದೂರು, ಎರಡೂ ಪಂಚನಾಮೆ, ಹೇಳಿಕೆಗಳನ್ನು ಕೇಳಿ ಓದಿಕೊಳ್ಳಿ. ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನವನ್ನು ನಿಮಿಷ ನಿಮಿಷವಾಗಿ ನೆನಪಿಸಿಕೊಳ್ಳಬೇಕಾಗುತ್ತದೆ.

ಮುಖ್ಯ ವಿಚಾರಣೆಯಲ್ಲಿ ಧ್ವನಿಮುದ್ರಣವನ್ನು ಹಾಕಿ ಕೇಳಿಸಿದರು, ಸಹಿಗಳನ್ನು ಗುರುತಿಸಲು ಹೇಳಿದರು. ಆಮೇಲೆ ಮುದ್ದೆಮಾಲುಗಳನ್ನು, ಅಂದರೆ ಸಾಕ್ಷ್ಯವಾಗಿ ಜಪ್ತಿ ಮಾಡಿದ ವಸ್ತುಗಳನ್ನು ತೆಗೆದರು. ಸೀಲ್ ಮಾಡಿದ ಬಾಟಲಿಗಳನ್ನು ಕೈಗೆ ಕೊಟ್ಟಾಗ ಎದೆ ಧಸಕ್ಕೆಂದಿತು. ನಾನು ನೋಡಿದ್ದ ಗುಲಾಬಿ ಬಣ್ಣ ಅವುಗಳಲ್ಲಿ ಇರಲೇ ಇಲ್ಲ, ಹೆಚ್ಚುಕಡಿಮೆ ತಿಳಿನೀರು. ‘ಇದರಲ್ಲಿ ಬಣ್ಣವೇ ಇಲ್ಲವಲ್ಲ’ ಎಂದು ಪ್ರತಿವಾದಿ ವಕೀಲರು ಕೇಳಿಯೇ ಕೇಳಿದರು. ದಿನ ಕಳೆದಂತೆ ಆ ಬಣ್ಣ ಮಾಸುತ್ತದೆ, ಅಂದಿನದಕ್ಕೆ ಪಂಚನಾಮೆಯೂ ಪ್ರಯೋಗಾಲಯದ ವರದಿಯೂ ಆಧಾರ ಎಂದು ಅಭಿಯೋಜಕರು ನನಗೆ ಹಿಂದಿನ ದಿನವೇ ಹೇಳಿದ್ದರು. ‘ಅಂದು ಗುಲಾಬಿಯಾಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ’ ಎಂದಷ್ಟೇ ಹೇಳಿದೆ. ನಿಮಗೂ ಈ ಬಾಟಲಿಗಳನ್ನು ತೋರಿಸುತ್ತಾರೆ, ಗಾಬರಿಯಾಗಬೇಡಿ.

ಪ್ರತಿವಾದಿ ವಕೀಲರ ಪಾಟೀ ಸವಾಲು ಒಂದೇ ದಿನದಲ್ಲಿ ಮುಗಿಯಲಿಲ್ಲ. ಮದುವೆಯಾಗಿ ಬೇರೆ ಊರಿಗೆ ಹೋದವಳಿಗೆ ಇಲ್ಲೇನು ಕೆಲಸ, ತಂದೆಯ ಹಳೆಯ ಕೈಸಾಲ ತೀರಿಸಲು ಹಣ ಕೊಟ್ಟಿರಿ ಅಲ್ಲವೇ, ಡ್ರಾಯರ್‌ನಲ್ಲಿ ನೀವೇ ತುರುಕಿದಿರಿ ಅಲ್ಲವೇ, ಅಂದು ಅವರ ಬಳಿ ನಿಮ್ಮ ಕಡತವೇ ಇರಲಿಲ್ಲ ಅಲ್ಲವೇ. ಕಡತದ ಪ್ರಶ್ನೆಗೆ ಸಕಾಲದ ರಸೀದಿಯೂ ಜಪ್ತಿ ಪಟ್ಟಿಯೂ ನೆರವಿಗೆ ಬಂದವು. ಅರ್ಜಿ ಕೊಟ್ಟ ದಿನದ ಪ್ರತಿ ಚೀಟಿಯನ್ನೂ ಕಾಪಾಡಿ ಎಂದು ಹೇಳುವುದು ಇದಕ್ಕಾಗಿಯೇ. ಆದರೆ ಎಲ್ಲ ಪ್ರಶ್ನೆಗಳೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಅವರು ಹಣ ಕೇಳಿದರೇ? ನೋಟು ಸಿಕ್ಕಿತು, ಕೈ ಗುಲಾಬಿಯಾಯಿತು ಎಂದರೆ ಸಾಲದು. ಬೇಡಿಕೆಯೂ ಸ್ವೀಕಾರವೂ ಎರಡೂ ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನೀರಜ್ ದತ್ತಾ ಪ್ರಕರಣದಲ್ಲಿ 2022ರ ಡಿಸೆಂಬರ್‌ನಲ್ಲಿ ಹೇಳಿದೆ. ಪಿರ್ಯಾದುದಾರ ತೀರಿಕೊಂಡರೂ ಪ್ರತಿಕೂಲವಾದರೂ ಬೇರೆ ಸಾಕ್ಷ್ಯದಿಂದ ಬೇಡಿಕೆಯನ್ನು ಸಾಬೀತುಪಡಿಸಬಹುದು ಎಂದೂ ಅದೇ ತೀರ್ಪು ಹೇಳುತ್ತದೆ. ಆದರೂ ಪಿರ್ಯಾದುದಾರರ ಬಾಯಿಂದ ಬರುವ ನೇರ ಮಾತಿನ ತೂಕವೇ ಬೇರೆ. ‘ಹೇಳಿದ್ದೆನಲ್ಲ, ಹತ್ತು’ ಎಂಬ ಮಾತು ದೂರಿನ ಬಳಿಕದ ಹೇಳಿಕೆಯಲ್ಲಿತ್ತು, ಪಂಚನಾಮೆಯಲ್ಲಿತ್ತು, ಧ್ವನಿಮುದ್ರಣದಲ್ಲಿತ್ತು. ಪಂಚ ಮಹಿಳೆಯ ಸಾಕ್ಷ್ಯದಲ್ಲೂ ಬಂದಿದೆ ಎಂದು ಆಮೇಲೆ ತಿಳಿಯಿತು. ಎಷ್ಟು ಬಗೆಯಾಗಿ ತಿರುಗಿಸಿ ಕೇಳಿದರೂ ಆ ಮಾತು ಕದಲಲಿಲ್ಲ.

ಹಣದ ವಿಚಾರ ಕೇಳುವವರು ಬಹಳ. ಟ್ರ್ಯಾಪ್‌ಗೆ ಕೊಟ್ಟ ನೋಟುಗಳು ಮುದ್ದೆಮಾಲು, ಅವೇ ನೋಟುಗಳು ಸದ್ಯಕ್ಕೆ ಕೈಗೆ ಬರುವುದಿಲ್ಲ. ಅಷ್ಟೇ ಮೊತ್ತವನ್ನು ಮರಳಿ ಕೊಡುವಂತೆ ಠಾಣೆಗೆ ಅರ್ಜಿ ಕೊಟ್ಟೆ, ತಡವಾಗಿಯಾದರೂ ಬಂತು. ದೂರಿಗೆ ಶುಲ್ಕವಿಲ್ಲ. ನಿಜವಾಗಿ ಖರ್ಚಾದದ್ದು ಓಡಾಟ ಮತ್ತು ಕಳೆದುಕೊಂಡ ಸಂಬಳ. ಒಟ್ಟು ಲೆಕ್ಕ ಹಾಕಿದರೆ ಕೇಳಿದ ಲಂಚಕ್ಕಿಂತ ಹೆಚ್ಚೇ ಆಯಿತು. ಇದನ್ನು ಮುಚ್ಚಿಡುವುದು ಸರಿಯಲ್ಲ ಎಂದು ಬರೆಯುತ್ತಿದ್ದೇನೆ. ಸಾಕ್ಷಿಗಳಿಗೆ ನ್ಯಾಯಾಲಯದಿಂದ ಸಿಗುವ ಬತ್ತೆಯನ್ನು ಅಂದೇ ಕೇಳಿ ಪಡೆಯಿರಿ.

ಈ ಕಾಯ್ದೆಯಡಿಯ ವಿಚಾರಣೆ ಆದಷ್ಟು ಮಟ್ಟಿಗೆ 2 ವರ್ಷದೊಳಗೆ ಮುಗಿಯಬೇಕು ಎಂದು ಕಾನೂನಿನಲ್ಲೇ ಇದೆ, ಕಾರಣ ದಾಖಲಿಸಿ ವಿಸ್ತರಿಸಲೂ ಅವಕಾಶವಿದೆ. ನನ್ನ ಪಾಲಿನದು ಮುಗಿದಿದೆ. ಮಂಜೂರಾತಿ ಕೊಟ್ಟ ಅಧಿಕಾರಿ ಮತ್ತು ತನಿಖಾಧಿಕಾರಿಯ ಸಾಕ್ಷ್ಯ ಬಾಕಿ ಇದೆ, ಆಮೇಲೆ ವಾದ, ತೀರ್ಪು. ಆರೋಪ ಸಾಬೀತಾದರೆ 7ನೇ ಕಲಂನಡಿ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಶಿಕ್ಷೆ. ಮುಂದಿನ ದಿನಾಂಕ ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಸಮನ್ಸ್ ಬಂದಾಗಲೇ ಪ್ರಕರಣದ 16 ಅಂಕಿ-ಅಕ್ಷರಗಳ ಸಿಎನ್ಆರ್ ಸಂಖ್ಯೆ ಕೇಳಿ ಬರೆದಿಟ್ಟುಕೊಂಡರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೀವೇ ನೋಡಬಹುದು. ನಾನು ಹಾಗೆಯೇ ನೋಡುತ್ತಿರುತ್ತೇನೆ. ತೀರ್ಪಿನ ದಿನ ತಾಯಿ, ತಂಗಿ, ನಾನು ಮೂವರೂ ಕೋರ್ಟಿಗೆ ಹೋಗುತ್ತೇವೆ.